ಜಡೆಪ್ಪನ ಬಲಗಿವಿ

ನನ್ನ ಧ್ವನಿ ಈಗ ಹನ್ನೊಂದು ಸಾವಿರ ಜನರ ಕಿವಿಯ ಹಿಂದೆ ಕೂತಿದೆ. ದಿನಕ್ಕೆ ಮೂರು ಸಲ ಅದು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತದೆ: “ಲೋಕ ಯಾವ ಕಡೆ ಹೋಗ್ತಾ ಇದೆ?” ಇದೇನೋ ವೇದಾಂತ ಅಂದುಕೊಳ್ಳಬೇಡಿ. ತಲೆಸುತ್ತಿನ ರೋಗಿಯನ್ನು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ನನ್ನ ಹೆಸರು ಕಾತ್ಯಾಯಿನಿ, ಊರು ಮೈಸೂರು. ತುಂಗಭದ್ರೆಯ ಸೀಮೆಯ ಒಂದು ಸಮತೋಲ ಕೇಂದ್ರದಲ್ಲಿ ನನಗೆ ಕೆಲಸ. ಜನರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸುವುದು, ಕಿವಿಗೆ ಒಮ್ಮೆ ಬೆಚ್ಚನೆಯ ನೀರು, ಒಮ್ಮೆ ತಣ್ಣೀರು ಬಿಡುವುದು, ಆಗ ಅವರ ಕಣ್ಣು ಯಾವ ಕಡೆ ಜಾರುತ್ತದೆ ಎಂದು ನೋಡುವುದು. ನನ್ನಮ್ಮ ಇದ್ದಷ್ಟು ದಿನವೂ “ನಮ್ಮ ಕಾತಿ ಜನಗಳ ತಲೆ ತಿರುಗಿಸೋ ಕೆಲಸ ಮಾಡ್ತಾಳೆ” ಎಂದೇ ನೆಂಟರಿಗೆಲ್ಲ ಹೇಳುತ್ತಿದ್ದಳು.

ಒಳಗಿವಿಯಲ್ಲಿ ನೀರು ತುಂಬಿದ ಮೂರು ಪುಟಾಣಿ ಅರೆಬಳೆಗಳಿವೆ. ‘ಬೇಡ’ ಎಂದು ತಲೆ ಅತ್ತಿತ್ತ ಆಡಿಸಿದರೆ ಒಂದರ ನೀರು ಅಲುಗುತ್ತದೆ. ‘ಹೂಂ’ ಎಂದು ಮೇಲೆ ಕೆಳಗೆ ಆಡಿಸಿದರೆ ಇನ್ನೊಂದರದು, ಭುಜದತ್ತ ವಾಲಿಸಿದರೆ ಮೂರನೆಯದು. ಎರಡೂ ಕಿವಿಗಳ ವರದಿ ತಾಳೆಯಾದರೆ ಲೋಕ ಸುಮ್ಮನೆ ನಿಂತಿರುತ್ತದೆ. ಒಂದು ಕಿವಿ ಅರ್ಧ ಕೆಟ್ಟು ಸುಳ್ಳು ವರದಿ ಕಳಿಸತೊಡಗಿತೋ, ನಾವು ಕೂತಲ್ಲೇ ಗೋಡೆ ಓಡಲು ಶುರು. ಆ ಸುಳ್ಳಿಗೆ ಸರಿಸಮನಾಗಿ ಎದುರು ಸುಳ್ಳು ಹೇಳುವ ಯಂತ್ರ ಒಂದಿದ್ದರೆ? ಹತ್ತು ವರ್ಷದ ಹಿಂದೆ ಅದು ಬಂದೇಬಿಟ್ಟಿತು. ನಾಣ್ಯದಷ್ಟಗಲದ ಆ ಯಂತ್ರ ಕಿವಿಯ ಹಿಂದಿನ ಚರ್ಮದ ಕೆಳಗೆ ಕೂರುತ್ತದೆ. ಅದಕ್ಕೊಂದು ದೊಡ್ಡ ಹೆಸರಿದೆ, ಆದರೆ ಎಲ್ಲರೂ ‘ಗುಂಡಿ’ ಅನ್ನುತ್ತಾರೆ. ಲೋಕ ಎಡಕ್ಕೆ ಓಡಿದರೆ ಗುಂಡಿ ಬಲಕ್ಕೆ ಎಳೆಯುತ್ತದೆ, ಮೇಲಕ್ಕೆ ಹಾರಿದರೆ ಕೆಳಕ್ಕೆ.

ಎಳೆಯಲು ದಿಕ್ಕು ಗೊತ್ತಾಗಬೇಕಲ್ಲ? ಕಣ್ಣಿನ ಕ್ಯಾಮೆರಾ ಕಟ್ಟಿಕೊಂಡು ಮನೆಯಲ್ಲಿ ಯಾರಿಗೂ ರೊಟ್ಟಿ ತಟ್ಟಲಾಗದು. ಹಾಗಾಗಿ ಗುಂಡಿ ನಂಬುವುದು ರೋಗಿಯ ಬಾಯಿಮಾತನ್ನು. ಆ ಬಾಯಿಮಾತಿನ ಕನ್ನಡವನ್ನು ಗುಂಡಿಗೆ ಕಲಿಸಿದವಳು ನಾನು, ಅದು ಪ್ರಶ್ನೆ ಕೇಳುವ ಧ್ವನಿಯೂ ನನ್ನದೇ. ಮೈಸೂರು, ಮಂಡ್ಯ, ಹಾಸನ ಸುತ್ತಿ, ನಾನೂರು ಜನರನ್ನು ಮಾತಾಡಿಸಿ, ಎಡ, ಬಲ, ಮೇಲೆ, ಕೆಳಗೆ, ವಾಲು, ತೂಗು, ಗಿರಕಿ ಎಂದು ಒಂದೊಂದು ಮಾತಿಗೂ ಒಂದೊಂದು ಬಾಣದ ಗುರುತು ಹಾಕಿದೆ. ಎರಡು ವರ್ಷದ ದುಡಿಮೆ. ಅದರ ಬಗ್ಗೆ ನನಗಿದ್ದ ಹೆಮ್ಮೆ ಎಷ್ಟೆಂದರೆ, ಯಾರಾದರೂ ಗುಂಡಿಗೆ ಕನ್ನಡ ಸರಿಯಾಗಿ ಬರುವುದಿಲ್ಲ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಬಂದ ಜಡೆಪ್ಪ.

ಹಿರೇಕಡವು ಎಂಬ ಊರಿನ ಹರಿಗೋಲಿನವನು. ಐವತ್ತೆಂಟು ವರ್ಷ, ಒಣಗಿದ ಹುಣಸೆ ಕಟ್ಟಿಗೆಯಂಥ ಮೈ. ಹೊಳೆಯ ನಡುಗಡ್ಡೆಯಲ್ಲಿ ಮೂವತ್ತು ಮನೆಗಳಿವೆ, ಸೇತುವೆ ಇಲ್ಲ. ಬಂಡೆಗಳ ಮಧ್ಯೆ ಯಂತ್ರದ ದೋಣಿ ನುಗ್ಗುವುದಿಲ್ಲ. ಜಡೆಪ್ಪ ಹನ್ನೆರಡನೆಯ ವಯಸ್ಸಿನಿಂದ ಆ ಜನರನ್ನು ಆಚೆ ಈಚೆ ದಾಟಿಸುತ್ತಿದ್ದವನು. ಹಿಂದಿನ ವರ್ಷ ಜ್ವರ ಬಂದು ಹೋಯಿತು, ಹೋಗುವಾಗ ಬಲಗಿವಿಯ ಅರ್ಧ ಸಮತೋಲವನ್ನೂ ಒಯ್ದಿತು. ಈಗಿನ ಕಾನೂನಿನಂತೆ ಸಮತೋಲ ಪತ್ರ ಇಲ್ಲದವನು ಜನರನ್ನು ಹರಿಗೋಲಿಗೆ ಹತ್ತಿಸುವಂತಿಲ್ಲ.

“ಅಕ್ಕಾರ, ನನಗ ನೆಲದ ಮ್ಯಾಲ ನಡಿಯಾಕ ಬರದಿದ್ರೂ ಅಡ್ಡಿಲ್ರಿ,” ಎಂದ ಮೊದಲ ದಿನವೇ. “ಹೊಳಿಯಾಗ ಹುಟ್ಟು ಹಿಡಿಯಂಗಾದ್ರ ಸಾಕು. ಇಲ್ಲಾಂದ್ರ ನಾ ಇದ್ದೂ ಸತ್ತಂಗ.”

ಗುಂಡಿ ಕೂರಿಸಿದೆವು. ಕ್ಯಾಮೆರಾ ಇರುವ ಕಪ್ಪು ಕನ್ನಡಕ ಹಾಕಿ, ತಲೆಯನ್ನೂ ಕೈಗಳನ್ನೂ ಪಟ್ಟಿಯಿಂದ ಬಿಗಿದು, ಕುರ್ಚಿಯಲ್ಲಿ ಕೂರಿಸಿ ಕೇಳಿದೆ: “ಲೋಕ ಯಾವ ಕಡೆ ಹೋಗ್ತಾ ಇದೆ ಜಡೆಪ್ಪನವರೇ?”

“ಮ್ಯಾಲಕ ಹೊಂಟೈತ್ರಿ.”

ಪರದೆ ನೋಡಿದೆ. ಕಣ್ಣು ಮೇಲಕ್ಕೂ ಹೋಗುತ್ತಿಲ್ಲ, ಕೆಳಕ್ಕೂ ಇಲ್ಲ. ನಿಧಾನವಾಗಿ ಬಲಕ್ಕೆ ಜಾರಿ, ಪಟಕ್ಕನೆ ಎಡಕ್ಕೆ ಹಾರುತ್ತಿದೆ. ಪುಸ್ತಕದ ಪ್ರಕಾರ ಅಂಥವನಿಗೆ ಲೋಕ ಎಡಕ್ಕೆ ಓಡಬೇಕು. ಇವನು ಮೇಲಕ್ಕೆ ಅನ್ನುತ್ತಾನೆ!

“ಮೇಲಕ್ಕಾ? ಸರಿಯಾಗಿ ನೋಡಿ ಹೇಳಿ. ಮೇಲಕ್ಕೆ ಅಂದ್ರೆ?”

“ಮ್ಯಾಲಕ ಅಂದ್ರ ಮ್ಯಾಲಕರಿ!” ಎಂದ, ಮಗುವಿಗೆ ಹೇಳಿದಂತೆ.

ನಾನು ಮೇಲು ಬಾಣದ ಗುರುತು ಒತ್ತಿದೆ. ನಮ್ಮಲ್ಲಿ ನಿಯಮವೇ ಹಾಗೆ, ರೋಗಿಯ ಮಾತೇ ಮೊದಲು.

ಹತ್ತು ದಿನ ಬಿಟ್ಟು ಬಂದ. ಅಷ್ಟರಲ್ಲಿ ಕೋಣೆಗೆ ಸುಣ್ಣ ಬಳಿದು, ಕುರ್ಚಿಯನ್ನು ಎದುರು ಗೋಡೆಯತ್ತ ತಿರುಗಿಸಿ ಹಾಕಿದ್ದರು. ಮತ್ತೆ ಅದೇ ಕನ್ನಡಕ, ಅದೇ ಪ್ರಶ್ನೆ.

“ಕೆಳಗ ಹೊಂಟೈತ್ರಿ.”

“ರೀ, ಹೋದ ಸಲ ಮೇಲಕ್ಕೆ ಅಂದ್ರಲ್ಲ?”

“ಆವತ್ತ ಮ್ಯಾಲಕ ಹೊಂಟಿತ್ತು, ಇವತ್ತ ಕೆಳಗ ಹೊಂಟೈತಿ. ನಾ ಏನ್ ಮಾಡ್ಲಿರಿ?”

ಪರದೆಯ ಮೇಲೆ ಕಣ್ಣು ಮಾತ್ರ ಹಿಂದಿನಂತೆಯೇ ಬಲಕ್ಕೆ ಜಾರಿ ಎಡಕ್ಕೆ ಹಾರುತ್ತಿತ್ತು. ಗುಂಡಿಯ ದಾಖಲೆ ತೆಗೆದೆ. ಮನೆಯಲ್ಲಿ ಬೆಳಿಗ್ಗೆಯೆಲ್ಲ ಮೇಲೆ, ಸಂಜೆಯೆಲ್ಲ ಕೆಳಗೆ. ನಡುನಡುವೆ ‘ಹೊಳೀಗೆ ಹೊಂಟೈತಿ’ ಎಂಬ ಮಾತು. ಅದನ್ನು ಗುಂಡಿ ‘ರೋಗಿ ಹೊಳೆಗೆ ಹೊರಟಿದ್ದಾರೆ, ಸಂಬಂಧವಿಲ್ಲ’ ಎಂದು ಬದಿಗಿಟ್ಟಿತ್ತು. ನನಗೆ ಒಂದೂ ತಲೆಬುಡ ತಿಳಿಯಲಿಲ್ಲ. ಬಿಸಿಲಿಗೇನಾದರೂ ಸಂಬಂಧವೋ? ರಕ್ತದೊತ್ತಡವೋ? ಬೆಳಿಗ್ಗೆ ಏನು ತಿನ್ನುತ್ತಾನೆ, ಸಂಜೆ ಏನು ತಿನ್ನುತ್ತಾನೆ ಎಂದು ಕೇಳಿ ಬರೆದುಕೊಂಡೆ. ಎರಡು ಹೊತ್ತೂ ರೊಟ್ಟಿ. ಪಲ್ಯದ ಹೆಸರುಗಳನ್ನೂ ಬರೆದುಕೊಂಡೆ, ಈಗ ನೆನೆಸಿಕೊಂಡರೆ ನಗು ಬರುತ್ತದೆ.

“ಎಡ, ಬಲ ಅಂತ ಹೇಳೋಕಾಗಲ್ವಾ ನಿಮಗೆ?” ಎಂದು ಕೊನೆಗೆ ರೇಗಿದೆ.

“ಎಡಗೈ ಬಲಗೈ ನನಗ ಅದಾವ್ರಿ ಅಕ್ಕಾರ,” ಎಂದ ನಿಧಾನವಾಗಿ. “ಲೋಕಕ್ಕ ಕೈ ಎಲ್ಲಿ ಅದಾವ?”

ಇಂಥ ಉತ್ತರ ಕೊಡುವ ರೋಗಿಯ ಜೊತೆ ಯಾರು ಏಗುತ್ತಾರೆ ಹೇಳಿ!

ನಮ್ಮ ಕೇಂದ್ರದ ದೊಡ್ಡ ಡಾಕ್ಟರು ಲೋಬೊ. ಮಂಗಳೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಒಂದು ರೋಗ ಒಂದು ತಿಂಗಳಿಗಿಂತ ಹೆಚ್ಚು ಗೊಂದಲ ಮಾಡಿದರೆ ಅವರಿಗೆ ತಾಳ್ಮೆ ಇರುವುದಿಲ್ಲ. ಮಿದುಳಿನ ಚಿತ್ರ ತೆಗೆಸಿ ನೋಡಿದರು, ಏನೂ ದೋಷವಿಲ್ಲ.

“ಇದೆಂಥದು ಮಾರಾಯ್ತಿ? ನಾನು ಘಟ್ಟದ ಮೇಲೆ ಬಂದು ಇಪ್ಪತ್ತು ವರ್ಷ ಆಯ್ತು, ಇಂಥ ಕೇಸು ನೋಡ್ಲಿಲ್ಲ. ಕಣ್ಣು ಒಂದು ಹೇಳ್ತದೆ, ಬಾಯಿ ಇನ್ನೊಂದು ಹೇಳ್ತದೆ.”

ಅಷ್ಟರಲ್ಲಿ ಜಡೆಪ್ಪ ಬಿದ್ದ. ಬೆಳಿಗ್ಗೆ ಹೊಳೆಯ ಮೆಟ್ಟಿಲು ಇಳಿಯುವಾಗ ಗುಂಡಿ ಒಮ್ಮೆಲೇ ಕೆಳಕ್ಕೆ ಎಳೆಯಿತಂತೆ. ಕಾಲ ಕೆಳಗಿನ ಕಲ್ಲೇ ಕುಸಿದಂತಾಗಿ ಮುಂದಕ್ಕೆ ಮುಗ್ಗರಿಸಿದ. ಹುಬ್ಬಿನ ಮೇಲೆ ಐದು ಹೊಲಿಗೆ. ಡಾಕ್ಟರು ಆವತ್ತೇ ನಿರ್ಧಾರ ಮಾಡಿದರು. ಗುಂಡಿ ತೆಗೆದು, ಬಲಗಿವಿಗೆ ಔಷಧಿ ಚುಚ್ಚಿ, ಅದರ ಸಮತೋಲವನ್ನು ಪೂರ್ತಿ ಕೊಂದುಬಿಡುವುದು. ಸುಳ್ಳು ಹೇಳುವ ಕಿವಿ ಬಾಯಿ ಮುಚ್ಚಿದರೆ, ಉಳಿದ ಕಿವಿಯನ್ನೇ ನಂಬಿಕೊಂಡು ಮಿದುಳು ನಡೆಯುವುದನ್ನು ಮತ್ತೆ ಕಲಿಯುತ್ತದೆ. ನೆಲದ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಗಿರ್ರನೆ ತಿರುಗುವ ಹರಿಗೋಲಿನಲ್ಲಿ ಮಾತ್ರ ಒಂಟಿ ಕಿವಿ ಸಾಲದು. ಸತ್ತ ಕಿವಿ ಮತ್ತೆ ಹುಟ್ಟುವುದೂ ಇಲ್ಲ.

“ಸೋಮವಾರ ಬೆಳಿಗ್ಗೆ ಮಾಡುವ,” ಎಂದರು. “ನೀನು ಹೋಗಿ ಅವರ ಮನೆಯವರ ಸಹಿ ತೆಗೆದುಕೊಂಡು ಬಾ.”

ಶನಿವಾರ ಹೋದೆ. ಊರು ಹೊಳೆಯ ದಕ್ಷಿಣ ದಂಡೆಯಲ್ಲಿದೆ. ಜಡೆಪ್ಪನ ಮನೆಯ ಬಾಗಿಲು ಬಡಗಲಿಗೆ, ನೇರ ನೀರಿನ ಕಡೆ. ಮುಂದೊಂದು ಕಲ್ಲುಕಟ್ಟೆ, ಹಿಂದೆ ಹಿತ್ತಲು, ಅದರಾಚೆ ಗುಡ್ಡ. ಹರಿಗೋಲು ಬೋರಲು ಬಿದ್ದಿತ್ತು, ಅದರ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಜಡೆಪ್ಪ ಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದ. ಹುಬ್ಬಿಗೆ ಪಟ್ಟಿ. ನನ್ನನ್ನು ನೋಡಿ ಏಳಲು ಹೋದವನು ಎರಡೂ ಕೈ ನೆಲಕ್ಕೂರಿ ಹಾಗೇ ಕೂತ. ಆ ಮನುಷ್ಯ ನಲವತ್ತಾರು ವರ್ಷ ಹೊಳೆಯ ಮೇಲೆ ನಿಂತವನು.

ಅವನ ಹೆಂಡತಿ ಹುಲಿಗೆಮ್ಮ ಹೊರಗೆ ಬಂದಳು. ದೊಡ್ಡ ಕುಂಕುಮ, ದೊಡ್ಡ ಗಂಟಲು.

“ಬರ್ರಿ ಅಕ್ಕಾರ, ಬರ್ರಿ! ನಿಮ್ಮ ದನಿ ಎರಡ ತಿಂಗಳಾತು ನಮ್ಮ ಮನ್ಯಾಗ ಐತಿ, ಮಾರಿ ಇವತ್ತ ನೋಡಿದ್ನಿ. ಇವ್ರು ರಾತ್ರಿ ನಿದ್ದಿಗಣ್ಣಾಗೂ ನಿಮಗ ಜವಾಬು ಕೊಡ್ತಾರ, ನನಗ ಕೊಡಂಗಿಲ್ಲ!”

ನಾನು ಕಾಗದ ತೆಗೆದೆ. ಅವಳು ನೋಡಲೂ ಇಲ್ಲ. “ಮೊದಲ ಉಣ್ರಿ. ಉಣ್ಣದ ಮಂದೀಗೆ ನಮ್ಮ ಮನ್ಯಾಗ ಸಹಿ ಇಲ್ಲ,” ಎಂದು ನಡುಮನೆಗೆ ಎಳೆದುಕೊಂಡು ಹೋದಳು. ಜಡೆಪ್ಪನೂ ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತ. ಅಗಲವಾದ ಎರಡು ತಾಟು. ರೊಟ್ಟಿ, ಹುರುಳಿ ಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ. ಅವಳು ಸಾರಿನ ಬೋಗುಣಿ ಹಿಡಿದುಕೊಂಡು ಬಂದಳು. ಇಡಲು ಜಾಗ ಇರಲಿಲ್ಲ.

“ಅಕ್ಕಾರ, ತಾಟು ಒಂಚೂರು ಮ್ಯಾಲಕ ಮಾಡ್ರಿ.”

ನಾನು ತಾಟನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದೆ.

ಹುಲಿಗೆಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇನ್ನೂ ಎತ್ತಬೇಕೇನೋ ಎಂದು ಗದ್ದದವರೆಗೆ ಎತ್ತಿದೆ. ಅವಳು ಬೋಗುಣಿ ನೆಲಕ್ಕಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಬಿದ್ದು ಬಿದ್ದು ನಕ್ಕಳು.

“ಅಯ್ಯ ನಮ್ಮವ್ವ! ಮ್ಯಾಲಕ ಅಂದ್ರ ಮುಗಿಲಿಗೇನ್ರಿ? ಮ್ಯಾಲಕರಿ! ಆ ಕಡಿ!” ಎಂದು ಕೈಯನ್ನು ಪಡುವಲ ಗೋಡೆಯ ಕಡೆ ಬೀಸಿದಳು.

“ಯಾಕೆ, ಆ ಗೋಡೆ ಮೇಲಾ?”

“ಗ್ವಾಡಿ ಅಲ್ರಿ. ಹೊಳಿ ಎಲ್ಲಿಂದ ಬರ್ತೈತಿ, ಅದು ಮ್ಯಾಲ. ಎಲ್ಲಿಗೆ ಹೋಕ್ಕೈತಿ, ಅದು ಕೆಳಗ. ಇದನ್ನೂ ಹೇಳಿಕೊಡಬೇಕೇನ್ರಿ?”

ತಾಟು ಇನ್ನೂ ನನ್ನ ಗದ್ದದ ಹತ್ತಿರವೇ ಇತ್ತು. ಅದು ವಾಲಿ ಹಿಂಡಿ ಮಡಿಲಿಗೆ ಚೆಲ್ಲಿತು. ಹೊಳೆ ಹರಿಯುವುದು ಪಶ್ಚಿಮದಿಂದ ಪೂರ್ವಕ್ಕೆ. ಮೇಲೆ ಅಂದರೆ ಪಶ್ಚಿಮ. ಕೆಳಗೆ ಅಂದರೆ ಪೂರ್ವ.

“ಜಡೆಪ್ಪನವರೇ, ಬೆಳಿಗ್ಗೆ ಎಲ್ಲಿ ಕೂತ್ಕೋತೀರ?”

“ಕಟ್ಟಿ ಮ್ಯಾಲರಿ. ಹೊಳಿ ನೋಡಕೋಂತ.”

ಬಡಗಲಿಗೆ ಮುಖ. ಎಡಗೈ ಪಡುವಲಿಗೆ. ಲೋಕ ಎಡಕ್ಕೆ ಓಡಿದರೆ ಅದು ಮೇಲಕ್ಕೆ.

“ಸಂಜೆ?”

“ಹಿತ್ತಲದಾಗ,” ಎಂದಳು ಹುಲಿಗೆಮ್ಮ. “ನಾ ಎಮ್ಮಿ ಹಿಂಡತೀನಿ, ಇವ್ರು ನೋಡತಾರ.”

ತೆಂಕಲಿಗೆ ಮುಖ. ಎಡಗೈ ಮೂಡಲಿಗೆ. ಅದೇ ಎಡ ಈಗ ಕೆಳಗೆ! ಮೂಡಲಿಗೆ ಮುಖ ಮಾಡಿ ಕೂತಾಗ ಎಡಗಡೆ ಹೊಳೆ. ಹೊಳೀಗೆ ಹೊಂಟೈತಿ. ರೋಗಿಯ ಲೋಕ ಎರಡು ತಿಂಗಳಿಂದ ಒಂದೇ ಕಡೆ ಓಡುತ್ತಿತ್ತು. ಅವನು ಪ್ರತಿ ಸಲವೂ ಸರಿಯಾಗಿಯೇ ಹೇಳುತ್ತಿದ್ದ. ನನ್ನ ಗುಂಡಿ, ನನ್ನ ಮೈಸೂರು ಮಂಡ್ಯ ಹಾಸನದ ಗುಂಡಿ, ಬೆಳಿಗ್ಗೆ ಅವನನ್ನು ನೆಲಕ್ಕೆ ಎಳೆದು, ಸಂಜೆ ಮುಗಿಲಿಗೆ ಎಳೆದು, ಕೊನೆಗೆ ಮೆಟ್ಟಿಲ ಮೇಲಿಂದ ಕೆಡವಿತ್ತು.

ನನಗೆ ಅಳು ಬಂತು. ಹಿಂಡಿಯ ಖಾರ ಅಂತ ಹೇಳಿದೆ. ಅವರು ನಂಬಲಿಲ್ಲ.

ಸೋಮವಾರ ಬೆಳಿಗ್ಗೆ ಲೋಬೊ ಡಾಕ್ಟರು ಔಷಧಿ ತುಂಬಿಸಿಟ್ಟಿದ್ದರು. ಜಡೆಪ್ಪ ಬಲಗಿವಿ ಮೇಲೆ ಮಾಡಿ ಮಂಚದ ಮೇಲೆ ಮಲಗಿದ್ದ. ನಾನು ಸಹಿ ಇಲ್ಲದ ಕಾಗದ ಅವರ ಕೈಗಿಟ್ಟೆ.

“ಡಾಕ್ಟ್ರೇ, ಹತ್ತು ನಿಮಿಷ ಕೊಡಿ. ತಪ್ಪು ನಂದು.”

“ನಿಂದು ಎಂಥ ತಪ್ಪು? ಕಿವಿ ಅವರದ್ದಲ್ವಾ?”

ಜಡೆಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಗುಂಡಿ ಆರಿಸಿ, ಕಪ್ಪು ಕನ್ನಡಕ ಹಾಕಿದೆ. ಈ ಸಲ ಕೈ ಕಟ್ಟಲಿಲ್ಲ. ಕುರ್ಚಿಯನ್ನು ಬಡಗಲಿಗೆ ತಿರುಗಿಸಿ, ಕಣ್ಣು ನಿಲ್ಲುವವರೆಗೆ ಕಾದು ಕೇಳಿದೆ. “ಮ್ಯಾಲಕ,” ಎಂದ, ಕೈ ಪಡುವಲಿಗೆ ತೋರಿಸಿ. ತೆಂಕಲಿಗೆ ತಿರುಗಿಸಿದೆ. “ಕೆಳಗ,” ಎಂದ. ಮೂಡಲಿಗೆ ತಿರುಗಿಸಿದೆ. “ಹೊಳೀ ಕಡಿ.” ಪಡುವಲಿಗೆ ತಿರುಗಿಸಿದೆ. “ಗುಡ್ಡದ ಕಡಿ.” ಕಿಟಕಿ ಇಲ್ಲದ ಕೋಣೆ, ಹೊಳೆ ಹನ್ನೆರಡು ಕಿಲೋಮೀಟರು ದೂರ, ಕಣ್ಣಿಗೆ ಕಪ್ಪು ಕನ್ನಡಕ. ಒಂದು ಸಲವೂ ಅವನಿಗೆ ದಿಕ್ಕು ತಪ್ಪಲಿಲ್ಲ. ಪರದೆಯ ಮೇಲೆ ನಾಲ್ಕೂ ಸಲ ಕಣ್ಣು ಒಂದೇ ರೀತಿ ಬಲಕ್ಕೆ ಜಾರಿ ಎಡಕ್ಕೆ ಹಾರಿತು.

ಡಾಕ್ಟರು ಪರದೆ ನೋಡಿದರು, ಕುರ್ಚಿ ನೋಡಿದರು. “ನಂಗೆ ಎಂಥದೂ ಗೊತ್ತಾಗ್ಲಿಲ್ಲ. ಹೊಳೆ ಬರುವ ಕಡೆಗೆ ಯಾರಾದ್ರೂ ಮೇಲೆ ಅಂತಾರಾ?”

“ಡಾಕ್ಟ್ರೇ, ನೀವು ಇಪ್ಪತ್ತು ವರ್ಷದಿಂದ ಎಲ್ಲಿದ್ದೀರ?”

“ಇಲ್ಲೇ. ಘಟ್ಟದ ಮೇಲೆ.”

“ಘಟ್ಟ ಎಲ್ಲಿದೆ ಇಲ್ಲಿ? ಯಾವುದರ ಮೇಲೆ ಕೂತಿದ್ದೀರ?”

ಅವರು ಕೈಯಲ್ಲಿದ್ದ ಸಿರಿಂಜನ್ನು ತಟ್ಟೆಗೆ ಹಾಕಿದರು. “ಹೌದಲ್ಲ ಮಾರಾಯ್ತಿ!”

“ಏನಾತ್ರಿ ಅಕ್ಕಾರ?” ಎಂದ ಜಡೆಪ್ಪ, ಕನ್ನಡಕದೊಳಗಿಂದ. “ಕಿವಿ ಕೊಂದಬಿಟ್ರೇನ್ರಿ?”

“ಇಲ್ಲ,” ಎಂದೆ. ಅವನ ಕನ್ನಡಕ ಬಿಚ್ಚಿದೆ.

ಆದರೆ ಗೊಂದಲ ಅಲ್ಲಿಗೆ ಮುಗಿಯಲಿಲ್ಲ. ಗುಂಡಿಗೆ ಹೊಸ ಅರ್ಥ ಕಲಿಸೋಣ ಎಂದರೆ, ಜಡೆಪ್ಪನ ಮುಖ ಯಾವ ಕಡೆ ಇದೆ ಎಂದು ಅದಕ್ಕೆ ತಿಳಿಯದು, ಹೊಳೆ ಎಲ್ಲಿದೆ ಎಂದಂತೂ ತಿಳಿಯದು. ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ದಿಕ್ಸೂಚಿ ಸೇರಿಸಬೇಕು, ನಕ್ಷೆ ಸೇರಿಸಬೇಕು ಎಂದು ಏನೇನೋ ಬರೆದೆ. ಫೋನಿನಲ್ಲಿ ಹುಲಿಗೆಮ್ಮ ಎಲ್ಲ ಕೇಳಿಸಿಕೊಂಡು, “ಅಷ್ಟ್ಯಾಕ್ರಿ? ಒಂದ ಕಡೀ ಕುಂದರಸ್ರಿ ಅವ್ರನ್ನ,” ಎಂದಳು.

ಅಷ್ಟೇ ಸಾಕಾಗಿತ್ತು. ಏಳು ದಿನ ಜಡೆಪ್ಪ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ ಕಟ್ಟೆಯ ಮೇಲೆ, ಹೊಳೆಗೆ ಮುಖ ಮಾಡಿ ಕೂತೇ ಗುಂಡಿಗೆ ಉತ್ತರ ಕೊಡಬೇಕು. ಆ ಕಟ್ಟೆಯಿಂದ ಹೇಳಿದ ‘ಮ್ಯಾಲಕ’ ಅಂದರೆ ಎಡಕ್ಕೆ ಎಂದು ಗುಂಡಿಗೆ ಬರೆದುಕೊಟ್ಟೆ. ಒಮ್ಮೆ ಪಾಠ ಒಪ್ಪಿಸಿದ ಮೇಲೆ ಅದಕ್ಕೆ ಮಾತಿನ ಹಂಗಿಲ್ಲ, ತಾನೇ ಎಳೆದುಕೊಂಡು ಹೋಗುತ್ತದೆ. ರಜೆ ಹಾಕಿ ನಾನೂ ಏಳು ದಿನ ಅಲ್ಲೇ ಕೂತೆ. ನನ್ನ ಪಕ್ಕದಲ್ಲಿ ನನ್ನದೇ ಧ್ವನಿ ಅವನ ಕಿವಿಯಲ್ಲಿ ಮಾತಾಡುವುದು, ಅವನು ನನ್ನ ಕಡೆ ನೋಡದೆ ಅದಕ್ಕೆ ಉತ್ತರ ಕೊಡುವುದು. ಯಾರು ನಾನು, ಯಾರು ಅದು ಎಂದು ನನಗೇ ಕಸಿವಿಸಿಯಾಗುತ್ತಿತ್ತು.

ಮೂರನೆಯ ದಿನ “ಮ್ಯಾಲಕ, ಆದ್ರ ಸಾವಕಾಶ” ಎಂದ. ಐದನೆಯ ದಿನ “ಜೋಲಿ ಹೊಡಿಯಾಕತ್ತೈತಿ”. ಏಳನೆಯ ದಿನ ಸಂಜೆ, ಕಟ್ಟೆಗೆ ಊರಿದ್ದ ಎರಡೂ ಕೈ ಎತ್ತಿಬಿಟ್ಟ. ನಾನು ಹೆದರಿ ಅವನ ಮುಖ ನೋಡಿದೆ. ಕಣ್ಣಿಂದ ನೀರಿಳಿಯುತ್ತಿತ್ತು.

“ನಿಂತೈತ್ರಿ,” ಎಂದ.

ಹುಲಿಗೆಮ್ಮ ಹಿತ್ತಲಿನಿಂದ ಓಡಿ ಬಂದು ಹರಿಗೋಲಿನ ಮೇಲಿದ್ದ ಮೆಣಸಿನಕಾಯಿಯನ್ನೆಲ್ಲ ಎರಡೂ ಕೈಯಿಂದ ಬಾಚಿ ಬಾಚಿ ಬುಟ್ಟಿಗೆ ತುಂಬತೊಡಗಿದಳು.

ಸಮತೋಲ ಪತ್ರಕ್ಕೆ ಹೊಳೆಯಲ್ಲೇ ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿ, ಹರಿಗೋಲನ್ನು ಹನ್ನೆರಡು ಸುತ್ತು ತಿರುಗಿಸಬೇಕು. ನಿಂತ ಮೇಲೆ ರೋಗಿ ಎದ್ದು ನಿಲ್ಲಬೇಕು, ಬೀಳಬಾರದು, ದಿಕ್ಕು ಹೇಳಬೇಕು. ಪರೀಕ್ಷಕರು ಜೊತೆಗಿರಬೇಕು. ಪರೀಕ್ಷಕಿ ನಾನು, ಈಜು ಬಾರದವಳು. ಲೋಬೊ ಡಾಕ್ಟರು ದಂಡೆಯ ಮೇಲೆ ಹುಲಿಗೆಮ್ಮನ ಪಕ್ಕ ಕೊಡೆ ಹಿಡಿದು ನಿಂತು, “ಜಾಗ್ರತೆ ಮಾರಾಯ್ತಿ!” ಎಂದು ಕೂಗಿದರು.

ಕಣ್ಣು ಕಟ್ಟಿದ ಜಡೆಪ್ಪ ಹುಟ್ಟನ್ನು ನೀರಿಗೆ ಹಾಕಿ ಒಮ್ಮೆ ಮೀಟಿದ, ಇನ್ನೊಮ್ಮೆ ಮೀಟಿದ. ಹರಿಗೋಲು ಗಿರ್ರನೆ ತಿರುಗಿತು. ನಾನು ಮೂರರವರೆಗೆ ಎಣಿಸಿದೆ. ಆಮೇಲೆ ದಂಡೆ, ಬಂಡೆ, ಡಾಕ್ಟರ ಕೊಡೆ, ಮುಗಿಲು ಎಲ್ಲ ಕಲಸಿಹೋಗಿ ಬಿದಿರಿನ ಅಂಚನ್ನು ತಬ್ಬಿಕೊಂಡೆ. ಜನರ ತಲೆ ತಿರುಗಿಸಿದ ಪಾಪ ಅವತ್ತು ಒಟ್ಟಿಗೇ ತೀರಿತು. ಹನ್ನೆರಡನ್ನೂ ಅವನೇ ಎಣಿಸಿ ಹುಟ್ಟನ್ನು ಅಡ್ಡ ಹಿಡಿದ. ಹರಿಗೋಲು ನಿಂತಿತು. ನನ್ನ ಲೋಕ ನಿಲ್ಲಲಿಲ್ಲ.

ಜಡೆಪ್ಪ ಎದ್ದು ನಿಂತ. ಮನೆಯ ನಡುಮನೆಯಲ್ಲಿ ನಿಂತ ಹಾಗೆ, ಕಾಲು ಸ್ವಲ್ಪ ಅಗಲಿಸಿ, ಕೈ ಇಳಿಬಿಟ್ಟು. ನನ್ನ ಮಡಿಲಲ್ಲಿದ್ದ ಪರೀಕ್ಷೆಯ ಯಂತ್ರದಿಂದ ನನ್ನ ಧ್ವನಿ, ಒಂದಿಷ್ಟೂ ತಲೆ ತಿರುಗದ ಆ ಧ್ವನಿ, ಕೇಳಿತು: “ಲೋಕ ಯಾವ ಕಡೆ ಹೋಗ್ತಾ ಇದೆ?”

“ಲೋಕ ಎಲ್ಲೂ ಹೋಗಿಲ್ಲವ್ವ,” ಎಂದ ಜಡೆಪ್ಪ. “ಹೊಳಿ ಕೆಳಗ ಹೊಂಟೈತಿ.”

ಇಷ್ಟೆಲ್ಲ ಆದ ಮೇಲೂ, ದೇವರಾಣೆ, ನಾನು ಬಗ್ಗಿ ಕಾಲ ಕೆಳಗೆ ನೋಡಿದೆ.